ಅನುಸ್ಥಾಪನೆಯ ನಂತರದ ಮಾತು: ಡೆಬಿಯನ್ ಪ್ಯಾಕೇಜುಗಳ ಸೂಚನಾ ಗದ್ಯದ ಚರಿತ್ರೆ

ಪ್ರಸ್ತಾವನೆ

ನಮ್ಮ ಓಲೆಗರಿ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಕಾಲ, ಸ್ಥಳಗಳನ್ನು ಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಓದುಗನನ್ನು ಕೇಳಿಕೊಳ್ಳುವ ಸಂಪ್ರದಾಯವಿದೆ. ಕೃತಿಯ ಭಾಗವಲ್ಲದ, ಆದರೆ ಕೃತಿಯನ್ನು ಓದುಗನ ಕೈಗೆ ಒಪ್ಪಿಸುವ ಹೊತ್ತಿಗೆ ಅಗತ್ಯವಾಗುವ ಇಂಥ ಮಾತುಗಳನ್ನು ಸಾಹಿತ್ಯ ಚರಿತ್ರೆಕಾರರು ಬಹುಕಾಲ ಗೌಣವೆಂದು ಬದಿಗಿಟ್ಟಿದ್ದರು. ಕಾಲನಿರ್ಣಯಕ್ಕೆ ಅವು ಎಷ್ಟು ಉಪಯುಕ್ತವೆಂಬುದು ತಿಳಿದ ಮೇಲೆ ಮಾತ್ರ ಅವುಗಳಿಗೆ ಗಮನ ದೊರೆಯಿತು. ಗಣಕಯಂತ್ರದ ಯುಗದಲ್ಲಿಯೂ ಇಂಥದೇ ಒಂದು ಉಪೇಕ್ಷಿತ ಗದ್ಯಪ್ರಕಾರವಿದೆ. ಒಂದು ತಂತ್ರಾಂಶವನ್ನು ಗಣಕದಲ್ಲಿ ಅನುಸ್ಥಾಪಿಸಿ ಮುಗಿಸಿದೊಡನೆ ಪರದೆಯ ಮೇಲೆ ಮೂಡುವ ನಾಲ್ಕಾರು ಸಾಲುಗಳ ಸೂಚನೆಯೇ ಅದು.

ಈ ಸೂಚನೆಗಳನ್ನು ಬರೆದವರು ಸಾಹಿತಿಗಳಲ್ಲ, ಓದಿದವರು ಅವನ್ನು ಸಾಹಿತ್ಯವೆಂದು ಓದಿದವರೂ ಅಲ್ಲ. ಆದರೂ ಅವುಗಳ ಮಾತನ್ನು ತಿದ್ದುವ ಕೆಲಸವು ಸುಮಾರು ಮೂರು ದಶಕಗಳಷ್ಟು ಹಳೆಯದು. ಅದಕ್ಕೆ ತನ್ನದೇ ಆದ ನಿಯಮಗಳೂ ಸಂಘಟನೆಯೂ ಬಿಕ್ಕಟ್ಟುಗಳೂ ಇವೆ. ಈ ಬೆಳವಣಿಗೆಯನ್ನು ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಡೆಬಿಯನ್ನನ್ನೇ ಆಯ್ದುಕೊಳ್ಳಲು ಕಾರಣವಿದೆ. ಸೂಚನೆಯ ಮಾತು ಹೇಗಿರಬೇಕೆಂಬುದನ್ನು ಅಲ್ಲಿನ ಕಾರ್ಯಕರ್ತರು ಬರವಣಿಗೆಯಲ್ಲಿ ನಿಯಮಬದ್ಧಗೊಳಿಸಿದರು ಹಾಗೂ ತಮ್ಮ ಪ್ಯಾಕೇಜುಗಳ ಸೂಚನೆಗಳನ್ನು ಒಂದೊಂದಾಗಿ ತೆಗೆದುಕೊಂಡು ಪರಿಷ್ಕರಿಸುವ ಯೋಜನೆಯನ್ನೂ ನಡೆಸಿದರು.

ಆರಂಭದ ಸ್ಥಿತಿ

ಡೆಬಿಯನ್ ಯೋಜನೆಯನ್ನು ಇಯಾನ್ ಮರ್ಡಾಕ್ ಅವರು 1993ರ ಆಗಸ್ಟ್ 16ರಂದು ಪ್ರಕಟಿಸಿದರು. ಹಲವರು ಬೇರೆಬೇರೆ ಕಡೆ ಕುಳಿತು ಸಿದ್ಧಪಡಿಸಿದ ತಂತ್ರಾಂಶಗಳನ್ನು ಪ್ಯಾಕೇಜುಗಳಾಗಿ ಕಟ್ಟಿ, ಒಂದೇ ವ್ಯವಸ್ಥೆಯಾಗಿ ಹೊಂದಿಸುವುದು ಇದರ ಮೂಲ ಕಲ್ಪನೆ. ಪ್ರತಿಯೊಂದು ಪ್ಯಾಕೇಜಿಗೂ ಒಬ್ಬ ಪಾಲಕನಿರುತ್ತಾನೆ. ಪ್ಯಾಕೇಜಿನೊಳಗೆ ಮೂಲ ಕಡತಗಳಲ್ಲದೆ ಪಾಲಕನು ಬರೆದ ಕೆಲವು ಚಿಕ್ಕ ಆದೇಶಪಟ್ಟಿಗಳೂ ಇರುತ್ತವೆ. ಇವುಗಳಲ್ಲಿ ಅನುಸ್ಥಾಪನೆಗೆ ಮುಂಚೆ ನಡೆಯುವುದಕ್ಕೆ 'ಪ್ರಿಇನ್‌ಸ್ಟ್' ಎಂದೂ, ಕಡತಗಳು ತಮ್ಮ ಸ್ಥಾನ ಸೇರಿದ ಮೇಲೆ ನಡೆಯುವುದಕ್ಕೆ 'ಪೋಸ್ಟ್‌ಇನ್‌ಸ್ಟ್' ಎಂದೂ ಹೆಸರು. ನಮ್ಮ ಚರ್ಚೆಗೆ ಸಂಬಂಧಿಸಿದ ಗದ್ಯವು ಹುಟ್ಟಿದ್ದು ಮುಖ್ಯವಾಗಿ ಈ ಎರಡನೆಯದರಲ್ಲಿ.

ಮೊದಲ ವರ್ಷಗಳಲ್ಲಿ ಪಾಲಕನು ತನಗೆ ತೋಚಿದ ಮಾತನ್ನು ತೋಚಿದಂತೆ ಪರದೆಗೆ ಕಳುಹಿಸಬಹುದಾಗಿತ್ತು. ಪ್ರಶ್ನೆ ಕೇಳಬೇಕಿದ್ದರೆ ಕೇಳಿ ಉತ್ತರಕ್ಕಾಗಿ ಕಾಯುತ್ತಿದ್ದನು. ಒಂದೆರಡು ಪ್ಯಾಕೇಜುಗಳನ್ನು ಅನುಸ್ಥಾಪಿಸುವವನಿಗೆ ಇದು ತೊಂದರೆಯಾಗುತ್ತಿರಲಿಲ್ಲ. ಆದರೆ ಇಡೀ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವಾಗ ನೂರಾರು ಪ್ಯಾಕೇಜುಗಳು ಸಾಲಾಗಿ ಬರುತ್ತವೆ. ಮಧ್ಯದಲ್ಲಿ ಯಾವುದೋ ಒಂದು ಪ್ಯಾಕೇಜು ಪ್ರಶ್ನೆ ಕೇಳಿ ನಿಂತರೆ, ರಾತ್ರಿ ಕೆಲಸಕ್ಕೆ ಹಚ್ಚಿ ಹೋದ ನಿರ್ವಾಹಕನಿಗೆ ಬೆಳಿಗ್ಗೆ ಅರ್ಧಕ್ಕೆ ನಿಂತ ಗಣಕವು ಕಾಣುತ್ತಿತ್ತು. ಪ್ರಶ್ನೆಯಿಲ್ಲದ ಸೂಚನೆಗಳ ಗತಿ ಇದಕ್ಕಿಂತ ಕೆಟ್ಟದು. ಅವು ಇತರ ನೂರಾರು ಸಾಲುಗಳೊಡನೆ ಮೇಲಕ್ಕೆ ಸರಿದು ಕಣ್ಮರೆಯಾಗುತ್ತಿದ್ದವು. ಪಾಲಕನು ಹೇಳಿದ್ದೇನೆಂದು ಸಮಾಧಾನಪಟ್ಟುಕೊಳ್ಳುತ್ತಿದ್ದನು. ನಿರ್ವಾಹಕನು ಕೇಳಿಯೇ ಇರಲಿಲ್ಲ.

ಈ ಸ್ಥಿತಿಯಲ್ಲಿ ಎರಡು ಬೇರೆ ಸಮಸ್ಯೆಗಳು ಬೆರೆತಿದ್ದವು. ಮಾತು ಯಾವಾಗ, ಯಾವ ದಾರಿಯಲ್ಲಿ ತಲುಪಬೇಕೆಂಬುದು ಒಂದು; ಮಾತು ಹೇಗಿರಬೇಕೆಂಬುದು ಇನ್ನೊಂದು. ಚರಿತ್ರೆಯ ಕ್ರಮದಲ್ಲಿ ಮೊದಲನೆಯದಕ್ಕೆ ಮೊದಲು ಪರಿಹಾರ ದೊರೆಯಿತು.

ಡೆಬ್‌ಕಾನ್ಫ್: ಮಾತಿಗೊಂದು ದಾರಿ

1999ರಲ್ಲಿ ಜೋಯಿ ಹೆಸ್ ಅವರು ಡೆಬ್‌ಕಾನ್ಫ್ ಎಂಬ ಸಾಧನವನ್ನು ರೂಪಿಸಿದರು. 2000ದ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 2.2ರ ಹೊತ್ತಿಗೆ ಅದು ಬಳಕೆಗೆ ಬಂದಿತು. ಇದರ ವಿನ್ಯಾಸದಲ್ಲಿ ಗಮನಿಸಬೇಕಾದ ಅಂಶಗಳು ಮೂರು.

ಮೊದಲನೆಯದಾಗಿ, ಪ್ಯಾಕೇಜು ನೇರವಾಗಿ ಪರದೆಗೆ ಬರೆಯುವುದನ್ನು ಬಿಟ್ಟು ತನ್ನ ಮಾತನ್ನು ಡೆಬ್‌ಕಾನ್ಫ್‌ಗೆ ಒಪ್ಪಿಸುತ್ತದೆ. ಅದನ್ನು ಓದುಗನ ಮುಂದೆ ಹೇಗೆ ಇಡಬೇಕೆಂಬುದು ಡೆಬ್‌ಕಾನ್ಫ್‌ನ ಹೊಣೆ. ಒಂದೇ ಮಾತು ಬರಿಯ ಪಠ್ಯವಾಗಿ, ಚೌಕಟ್ಟಿನೊಳಗಿನ ಬರಹವಾಗಿ ಅಥವಾ ಚಿತ್ರಾತ್ಮಕ ಕಿಟಕಿಯಾಗಿ ಕಾಣಿಸಿಕೊಳ್ಳಬಹುದು. ಯಾರೂ ಮುಂದೆ ಕುಳಿತಿಲ್ಲವೆಂದು ಮೊದಲೇ ತಿಳಿಸಿದ್ದರೆ ಕಾಣಿಸಿಕೊಳ್ಳದೆಯೂ ಇರಬಹುದು. ಎರಡನೆಯದಾಗಿ, ಸಾಧ್ಯವಾದ ಕಡೆಯಲ್ಲೆಲ್ಲ ಪ್ರಶ್ನೆಗಳನ್ನು ಅನುಸ್ಥಾಪನೆಗೆ ಮುಂಚೆಯೇ ಒಟ್ಟಾಗಿ ಕೇಳುವ ವ್ಯವಸ್ಥೆಯಾಯಿತು. ಒಮ್ಮೆ ಉತ್ತರಿಸಿದ ಪ್ರಶ್ನೆಯನ್ನು ನೆನಪಿಟ್ಟುಕೊಂಡು ಮತ್ತೆ ಕೇಳದಿರುವುದೂ ಇದರಲ್ಲಿ ಸೇರಿದೆ. ಮೂರನೆಯದಾಗಿ, ಪ್ರತಿಯೊಂದು ಮಾತಿಗೂ ಆದ್ಯತೆಯ ಮಟ್ಟವನ್ನು ಕೊಡಬೇಕಾಯಿತು. ಕಡಿಮೆ, ಮಧ್ಯಮ, ಹೆಚ್ಚು, ನಿರ್ಣಾಯಕ ಎಂಬ ನಾಲ್ಕು ಮಟ್ಟಗಳಲ್ಲಿ ಯಾವುದರಿಂದ ಮೇಲಿನದನ್ನು ಮಾತ್ರ ತಾನು ಕೇಳಬೇಕೆಂಬುದನ್ನು ನಿರ್ವಾಹಕನೇ ಗೊತ್ತುಮಾಡಬಹುದು.

ಆದ್ಯತೆಯ ಈ ಕಲ್ಪನೆಯು ಮೇಲ್ನೋಟಕ್ಕೆ ತಾಂತ್ರಿಕ ಅನುಕೂಲವಷ್ಟೆ. ಆದರೆ ಅದು ಬರೆಯುವವನಿಗೆ ಹಿಂದೆ ಇಲ್ಲದ ಒಂದು ಪ್ರಶ್ನೆಯನ್ನು ಒಡ್ಡಿತು: ಈ ಮಾತು ಓದುಗನಿಗೆ ಎಷ್ಟು ಮುಖ್ಯ? ತನ್ನ ಮಾತನ್ನು 'ಕಡಿಮೆ' ಎಂದು ತಾನೇ ಗುರುತಿಸಬೇಕಾದ ಪಾಲಕನು, ಅದನ್ನು ಹೇಳಲೇಬೇಕೆ ಎಂದು ಯೋಚಿಸುವ ಸಂದರ್ಭ ಒದಗಿತು.

ಎಲ್ಲರೂ ಹಾಗೆ ಯೋಚಿಸಿದರೆಂದು ಹೇಳುವಂತಿಲ್ಲ. ಡೆಬ್‌ಕಾನ್ಫ್‌ನಲ್ಲಿ ಪ್ರಶ್ನೆಗಳಲ್ಲದೆ 'ಟಿಪ್ಪಣಿ' ಎಂಬ ಒಂದು ಬಗೆಯೂ ಇತ್ತು. ಉತ್ತರವನ್ನು ಅಪೇಕ್ಷಿಸದೆ, ಓದಿದ್ದಾಯಿತೆಂದು ಒಂದು ಗುಂಡಿ ಒತ್ತುವವರೆಗೆ ಕಾಯುವ ಸೂಚನೆ ಇದು. ಓದುಗನನ್ನು ಖಚಿತವಾಗಿ ನಿಲ್ಲಿಸಬಲ್ಲ ಈ ಬಗೆಯು ಪಾಲಕರಿಗೆ ಆಕರ್ಷಕವಾಗಿ ಕಂಡಿತು. ದಾಖಲೆಗಳಿರುವ ಸ್ಥಳ, ಲೇಖಕರ ಶಿಫಾರಸು, ಹಿಂದಿನ ಆವೃತ್ತಿಗಿಂತ ಇದು ಹೇಗೆ ಭಿನ್ನವೆಂಬ ವಿವರಣೆ ಇವೆಲ್ಲ ಟಿಪ್ಪಣಿಗಳಾಗಿ ಬರತೊಡಗಿದವು. ಈ ದುರುಪಯೋಗವನ್ನು ತಡೆಯಲು ಡೆಬ್‌ಕಾನ್ಫ್‌ನ ಕೈಪಿಡಿಯೇ ಟಿಪ್ಪಣಿಗಳನ್ನು ವಿರಳವಾಗಿ ಬಳಸಬೇಕೆಂದು ಎಚ್ಚರಿಸಿತು. ಪ್ಯಾಕೇಜುಗಳ ದೋಷ ಹುಡುಕುವ ಲಿಂಟಿಯನ್ ಎಂಬ ಸಾಧನವು, ಟಿಪ್ಪಣಿಯ ದುರ್ಬಳಕೆ ಇರಬಹುದೆಂಬ ಶಂಕೆಯನ್ನೇ ಒಂದು ಎಚ್ಚರಿಕೆಯಾಗಿ ಸೇರಿಸಿಕೊಂಡಿತು. ಜೊತೆಗೆ ಪರ್ಯಾಯ ಸ್ಥಳಗಳನ್ನೂ ಸೂಚಿಸಲಾಯಿತು. ಶಾಶ್ವತ ವಿವರಣೆಗೆ ಪ್ಯಾಕೇಜಿನ 'ರೀಡ್‌ಮಿ' ಕಡತ. ಆವೃತ್ತಿ ಬದಲಾದಾಗ ಹಳೆಯ ಬಳಕೆದಾರನು ತಿಳಿಯಬೇಕಾದ ಸಂಗತಿಗೆ 'ನ್ಯೂಸ್' ಕಡತ. ಎರಡನೆಯದನ್ನು ಆವೃತ್ತಿಯನ್ನು ಏರಿಸುವವನ ಮುಂದೆ ಮಾತ್ರ ಇಡುವ ಸಾಧನವೂ ಬಂದಿತು. ಹೊಸದಾಗಿ ಅನುಸ್ಥಾಪಿಸುವವನಿಗೆ ಹಳೆಯ ಕಥೆಯ ಅಗತ್ಯವಿಲ್ಲವಷ್ಟೆ. ಮಾತಿನ ಸುಧಾರಣೆಯ ಮೊದಲ ಹಂತವು ಹೀಗೆ ಬಹುಮಟ್ಟಿಗೆ ಮಾತನ್ನು ಕಡಿಮೆ ಮಾಡುವ, ಉಳಿದದ್ದನ್ನು ತಕ್ಕ ಸ್ಥಳಕ್ಕೆ ಕಳುಹಿಸುವ ಕೆಲಸವಾಗಿತ್ತು.

ಶೈಲಿಯ ನಿಯಮಗಳು

ಎರಡನೆಯ ಹಂತಕ್ಕೆ ಪ್ರೇರಣೆ ಬಂದಿದ್ದು ಅನುವಾದಕರಿಂದ. ಸೂಚನೆಗಳನ್ನು ಇತರ ಭಾಷೆಗಳಿಗೆ ತರುವ ಕೆಲಸವನ್ನು ಗೆಟ್‌ಟೆಕ್ಸ್ಟ್ ಪದ್ಧತಿಗೆ ಹೊಂದಿಸಿದ ಪಿಒ-ಡೆಬ್‌ಕಾನ್ಫ್ ಬಳಕೆಗೆ ಬಂದ ಮೇಲೆ ಅನುವಾದವು ಸುಲಭವಾಯಿತು. ಅನುವಾದಕನು ಯಾವ ಪಠ್ಯಕ್ಕಾದರೂ ಅತ್ಯಂತ ನಿಷ್ಠುರ ಓದುಗ. ಮೂಲದಲ್ಲಿ ಅಸ್ಪಷ್ಟವಾಗಿ ಬಿಟ್ಟದ್ದನ್ನು ಅವನು ತನ್ನ ಭಾಷೆಯಲ್ಲಿ ಸ್ಪಷ್ಟಪಡಿಸಲೇಬೇಕಾಗುತ್ತದೆ. ಹತ್ತಾರು ಭಾಷೆಗಳ ಅನುವಾದಕರು ಒಂದೇ ವಾಕ್ಯದಲ್ಲಿ ಎಡವಿದಾಗ ದೋಷವು ಮೂಲದ್ದೆಂಬುದು ಸಿದ್ಧವಾಗುತ್ತದೆ.

ಡೆಬಿಯನ್‌ನ ಅನುವಾದ ಕಾರ್ಯವನ್ನು ಹಲವು ವರ್ಷ ಸಂಯೋಜಿಸಿದ ಕ್ರಿಸ್ತಿಯಾನ್ ಪೆರಿಯೆ ಅವರು ಡೆಬ್‌ಕಾನ್ಫ್ ಬರವಣಿಗೆಯ ಶೈಲಿ ನಿಯಮಗಳನ್ನು ಒಟ್ಟುಗೂಡಿಸುವುದರಲ್ಲಿ ಮುಖ್ಯಪಾತ್ರ ವಹಿಸಿದರು. ಅಭಿವೃದ್ಧಿಕಾರರ ಕೈಪಿಡಿಯಲ್ಲಿ ಸೇರಿರುವ ಈ ನಿಯಮಗಳಲ್ಲಿ ಕೆಲವು ಗದ್ಯದ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿವೆ. ಸೂಚನೆಗೆ ಕಿರುವಿವರಣೆ ಮತ್ತು ವಿಸ್ತೃತ ವಿವರಣೆ ಎಂಬ ಎರಡು ಭಾಗಗಳಿರಬೇಕು. ಕಿರುವಿವರಣೆಯಲ್ಲಿ ಹೇಳಿದ್ದನ್ನು ವಿಸ್ತೃತ ಭಾಗದಲ್ಲಿ ಮರಳಿ ಹೇಳಕೂಡದು. ವಿಸ್ತೃತ ವಿವರಣೆಯು ಪೂರ್ಣ ವಾಕ್ಯಗಳಲ್ಲಿರಬೇಕು, ಇಪ್ಪತ್ತು ಸಾಲನ್ನು ಮೀರಬಾರದು. 'ಇಂಥ ಗುಂಡಿ ಒತ್ತಿ' ಎಂದು ಬರೆಯಬಾರದು, ಏಕೆಂದರೆ ಓದುಗನ ಮುಂದೆ ಗುಂಡಿಯೇ ಇಲ್ಲದಿರಬಹುದು. ಬಳಕೆದಾರನನ್ನು ಗಂಡೆಂದು ಊಹಿಸುವ ಸರ್ವನಾಮಗಳನ್ನು ಬಳಸಬಾರದು. 'ನಾನು', 'ನಾವು' ಎಂಬ ಉತ್ತಮ ಪುರುಷದ ಪ್ರಯೋಗ ಸಲ್ಲದು. ಗಣಕವು ವ್ಯಕ್ತಿಯಲ್ಲ, ಪಾಲಕನೊಬ್ಬನು ಎಲ್ಲರ ಪರವಾಗಿ ಮಾತನಾಡುವಂತೆಯೂ ಇಲ್ಲ.

ನಿಯಮಗಳ ಪರಿಣಾಮವನ್ನು ತಿಳಿಯಲು, ಉದಾಹರಣೆಗಾಗಿಯೇ ರಚಿಸಿದ ಒಂದು ಸೂಚನೆಯನ್ನು ನೋಡಬಹುದು. "ನಿಮ್ಮಲ್ಲಿ ಹಳೆಯ ದತ್ತಸಂಚಯವಿರುವುದನ್ನು ನಾನು ಕಂಡುಕೊಂಡಿದ್ದೇನೆ. ಅದನ್ನು ಪರಿವರ್ತಿಸಬೇಕೆಂದು ನಾವು ಬಲವಾಗಿ ಶಿಫಾರಸು ಮಾಡುತ್ತೇವೆ. ಮುಂದುವರಿಯಲು 'ಹೌದು' ಗುಂಡಿಯನ್ನು ಒತ್ತಿ." ಇದರಲ್ಲಿ ಸೌಜನ್ಯವಿದೆ, ಆದರೆ ನಿರ್ಧಾರಕ್ಕೆ ಬೇಕಾದ ಮಾಹಿತಿಯಿಲ್ಲ. ನಿಯಮಗಳಿಗೆ ಅನುಸಾರವಾಗಿ ತಿದ್ದಿದರೆ ಅದು ಹೀಗಾಗುತ್ತದೆ: "ಹಳೆಯ ದತ್ತಸಂಚಯವನ್ನು ಪರಿವರ್ತಿಸಬೇಕೇ? ಈ ಆವೃತ್ತಿಯು ಹಳೆಯ ರೂಪದ ದತ್ತಸಂಚಯವನ್ನು ಓದಲಾರದು. ಪರಿವರ್ತನೆಯಾದ ಮೇಲೆ ಹಿಂದಿನ ಆವೃತ್ತಿಗೆ ಮರಳಲು ಸಾಧ್ಯವಿಲ್ಲ. ಆದ್ದರಿಂದ ಮೊದಲು ಅದರ ನಕಲನ್ನು ತೆಗೆದಿರಿಸಿ." ಮೊದಲ ರೂಪದಲ್ಲಿ ಬರೆದವನ ಅಭಿಪ್ರಾಯವಿತ್ತು. ಎರಡನೆಯದರಲ್ಲಿ ಓದುಗನು ತಾನೇ ಅಭಿಪ್ರಾಯಕ್ಕೆ ಬರಲು ಬೇಕಾದ ಸಂಗತಿಗಳಿವೆ.

2007ರಲ್ಲಿ ಆರಂಭವಾದ ಸ್ಮಿತ್ ಪರಿಶೀಲನಾ ಯೋಜನೆಯು ಈ ನಿಯಮಗಳನ್ನು ಪ್ಯಾಕೇಜುಗಳಿಗೆ ಕ್ರಮವಾಗಿ ಅನ್ವಯಿಸತೊಡಗಿತು. ಇಂಗ್ಲಿಷ್ ಭಾಷಾ ತಂಡದವರು ಸೂಚನೆಗಳನ್ನು ಓದಿ ತಿದ್ದುಪಡಿ ಸೂಚಿಸುವುದು, ಅದರ ಮೇಲೆ ಚರ್ಚೆ ನಡೆಸುವುದು, ಕೊನೆಯ ಆಕ್ಷೇಪಗಳಿಗೆ ಅವಕಾಶ ಕೊಡುವುದು, ಆನಂತರ ಅನುವಾದಕರಿಗೆ ಕರೆ ನೀಡಿ ಪರಿಷ್ಕೃತ ಪಠ್ಯವನ್ನು ಅನುವಾದಗಳೊಡನೆ ಪಾಲಕನಿಗೆ ಒಪ್ಪಿಸುವುದು ಇದರ ಕ್ರಮ. ಈ ಕ್ರಮಕ್ಕೆ ಕಾರಣವೂ ಇತ್ತು. ಗೆಟ್‌ಟೆಕ್ಸ್ಟ್ ಪದ್ಧತಿಯಲ್ಲಿ ಮೂಲದ ಒಂದು ಅಲ್ಪವಿರಾಮ ಬದಲಾದರೂ ಎಲ್ಲ ಭಾಷೆಗಳ ಅನುವಾದವೂ ಮರುಪರಿಶೀಲನೆಗೆ ಕಾಯುವ ಸ್ಥಿತಿಗೆ ಇಳಿಯುತ್ತದೆ. ಒಳ್ಳೆಯ ಉದ್ದೇಶದ ತಿದ್ದುಪಡಿಯೇ ಹತ್ತಾರು ಭಾಷೆಗಳ ಓದುಗರಿಂದ ಸೂಚನೆಯನ್ನು ಕಸಿದುಕೊಳ್ಳಬಲ್ಲದು. ಸಂಪಾದನೆಗೆ ಇಂಥ ಬೆಲೆಯಿರುವ ಗದ್ಯಪ್ರಕಾರಗಳು ವಿರಳ.

2008ರ ಮೇ ತಿಂಗಳು

ಈ ಪರಿಷ್ಕರಣೆಯ ಕಾಲದಲ್ಲಿಯೇ ಒಂದು ಗಂಭೀರ ಘಟನೆ ನಡೆಯಿತು. 2006ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಮಾಡಿದ್ದ ಒಂದು ಬದಲಾವಣೆಯಿಂದ, ಗೂಢಲಿಪಿಯ ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆಯು ಬಹುತೇಕ ನಾಶವಾಗಿತ್ತು. ಕಾರ್ಯದ ಕ್ರಮಸಂಖ್ಯೆಯೊಂದೇ ವ್ಯತ್ಯಾಸಕ್ಕೆ ಆಧಾರವಾಗಿ ಉಳಿದ ಕಾರಣ, ಒಂದು ಬಗೆಯ ಹಾಗೂ ಒಂದು ಗಾತ್ರದ ಕೀಲಿಗೆ ಇದ್ದ ಸಾಧ್ಯತೆಗಳು 32,768ಕ್ಕೆ ಇಳಿದಿದ್ದವು. ಇಷ್ಟನ್ನು ಮೊದಲೇ ಲೆಕ್ಕಹಾಕಿ ಇಟ್ಟುಕೊಳ್ಳುವುದು ಯಾರಿಗಾದರೂ ಸುಲಭ. ಲುಸಿಯಾನೊ ಬೆಲ್ಲೊ ಅವರು ಕಂಡುಹಿಡಿದ ಈ ದೋಷವನ್ನು ಡೆಬಿಯನ್ 2008ರ ಮೇ 13ರಂದು ಪ್ರಕಟಿಸಿತು. ಡೆಬಿಯನ್ ಆಧಾರಿತವಾದ ಉಬುಂಟು ಮೊದಲಾದ ವ್ಯವಸ್ಥೆಗಳಿಗೂ ಇದು ಅನ್ವಯಿಸುತ್ತಿತ್ತು.

ಇಲ್ಲಿನ ವಿಶೇಷವೆಂದರೆ, ತಂತ್ರಾಂಶವನ್ನು ಸರಿಪಡಿಸಿದ ಮಾತ್ರಕ್ಕೆ ಅಪಾಯ ಕಳೆಯುತ್ತಿರಲಿಲ್ಲ. ದೋಷದ ಕಾಲದಲ್ಲಿ ಹುಟ್ಟಿದ ಕೀಲಿಗಳು ದುರ್ಬಲವಾಗಿಯೇ ಉಳಿದಿದ್ದವು, ಹಲವು ಕೀಲಿಗಳು ಬೇರೆ ಗಣಕಗಳಿಗೂ ಹೋಗಿ ಸೇರಿದ್ದವು. ಉಳಿದ ಕೆಲಸವನ್ನು ಮನುಷ್ಯರೇ ಮಾಡಬೇಕಿತ್ತು. ಅವರನ್ನು ತಲುಪುವ ಮುಖ್ಯ ದಾರಿಗಳಲ್ಲಿ ಅನುಸ್ಥಾಪನೆಯ ಸೂಚನೆಯೂ ಒಂದು. ಓಪನ್‌ಎಸ್‌ಎಸ್‌ಎಚ್ ಪ್ಯಾಕೇಜಿನ ಪರಿಷ್ಕೃತ ಆವೃತ್ತಿಯು ಗಣಕದಲ್ಲಿ ದುರ್ಬಲ ಕೀಲಿಗಳನ್ನು ಕಂಡಾಗ ಡೆಬ್‌ಕಾನ್ಫ್ ಮೂಲಕ ಒಂದು ಟಿಪ್ಪಣಿಯನ್ನು ಮುಂದಿಟ್ಟಿತು.

ಆ ಟಿಪ್ಪಣಿಯ ರಚನೆಯನ್ನು ಗಮನಿಸುವುದು ಉಪಯುಕ್ತ. ದುರ್ಬಲ ಕೀಲಿಗಳನ್ನು ಮತ್ತೆ ಸೃಷ್ಟಿಸಲಾಗುವುದೆಂದು ಶೀರ್ಷಿಕೆಯೇ ಹೇಳುತ್ತದೆ. ಮೊದಲ ವಾಕ್ಯವು ಕಾರಣವನ್ನು, ಎರಡನೆಯದು ಅಪಾಯವನ್ನು ತಿಳಿಸುತ್ತದೆ. ಬಳಿಕ ಬರುವುದು ನಿರ್ವಾಹಕನು ತನ್ನ ಬಳಕೆದಾರರಿಗೆ ವಿಷಯ ತಿಳಿಸಬೇಕೆಂಬ ಮಾತು. ಮುಂದಿನ ಬಾರಿ ಪ್ರವೇಶಿಸುವಾಗ ಅವರಿಗೆ ಕೀಲಿ ಬದಲಾಗಿದೆಯೆಂಬ ಎಚ್ಚರಿಕೆ ಕಾಣುತ್ತದೆ, ಆ ಎಚ್ಚರಿಕೆಯು ಆಕ್ರಮಣ ನಡೆದಾಗ ಕಾಣುವ ಎಚ್ಚರಿಕೆಯೇ ಆಗಿದೆ. ಹೊಸ ಕೀಲಿಯ ಗುರುತನ್ನು ನೋಡಿಕೊಳ್ಳಲು ಬೇಕಾದ ಆದೇಶವನ್ನೂ ಕೊಡಲಾಗಿದೆ. ಬಳಕೆದಾರರ ಸ್ವಂತ ಕೀಲಿಗಳೂ ದುರ್ಬಲವಾಗಿರಬಹುದೆಂದು ತಿಳಿಸಿ, ಅವನ್ನು ಪರೀಕ್ಷಿಸುವ ಸಾಧನವನ್ನು ಹೆಸರಿಸಿ, ಆ ಪರೀಕ್ಷೆಯು ಭಾಗಶಃ ಮಾತ್ರವೆಂದು ಒಪ್ಪಿಕೊಳ್ಳುವುದರೊಂದಿಗೆ ಸೂಚನೆ ಮುಗಿಯುತ್ತದೆ. ಕ್ಷಮಾಪಣೆಯಾಗಲಿ ಸಮರ್ಥನೆಯಾಗಲಿ ಅಲ್ಲಿಲ್ಲ. ಏನಾಯಿತು, ಏಕೆ, ಯಂತ್ರವು ಏನನ್ನು ಮಾಡುತ್ತದೆ, ಮನುಷ್ಯನಿಗೆ ಏನು ಉಳಿದಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಕೆಲವೇ ಸಾಲುಗಳಲ್ಲಿ ಉತ್ತರವಿದೆ.

ಟಿಪ್ಪಣಿಗಳ ವಿರುದ್ಧ ಹಿಂದೆ ನಡೆದ ದೀರ್ಘ ಹೋರಾಟದ ಅರ್ಥವು ಈ ಸಂದರ್ಭದಲ್ಲಿ ಸ್ಪಷ್ಟವಾಗುತ್ತದೆ. ದಾಖಲೆಗಳ ಸ್ಥಳವನ್ನು ತಿಳಿಸುವುದಕ್ಕೂ ಅನುಸ್ಥಾಪನೆಯನ್ನು ನಿಲ್ಲಿಸುವ ಪದ್ಧತಿಯೇ ಮುಂದುವರಿದಿದ್ದರೆ, ಓದದೆ ಗುಂಡಿ ಒತ್ತಿ ಮುಂದೆ ಸಾಗುವುದು ನಿರ್ವಾಹಕನಿಗೆ ಅಭ್ಯಾಸವಾಗಿರುತ್ತಿತ್ತು. ಅನಗತ್ಯ ಸೂಚನೆಯಿಂದಾಗುವ ಹಾನಿ ಅದನ್ನು ಓದುವ ಕ್ಷಣದಲ್ಲಿ ಕಾಣುವುದಿಲ್ಲ. ಮುಂದೆ ಬರುವ ಅಗತ್ಯ ಸೂಚನೆಯನ್ನು ಓದದಿರುವಾಗ ಕಾಣುತ್ತದೆ.

ಇತರ ಎರಡು ಪರಂಪರೆಗಳು

ಇದೇ ಸಮಸ್ಯೆಯನ್ನು ಇತರರು ಹೇಗೆ ಎದುರಿಸಿದರೆಂಬುದನ್ನು ಸಂಕ್ಷಿಪ್ತವಾಗಿ ಹೋಲಿಸಬಹುದು. ಫ್ರೀಬಿಎಸ್‌ಡಿ ವ್ಯವಸ್ಥೆಯಲ್ಲಿ ಅನುಸ್ಥಾಪನೆಯ ನಂತರದ ಮಾತಿಗೆ ಪ್ರತ್ಯೇಕ ಕಡತವೇ ಇದೆ. ಅಲ್ಲಿನ ಹೊಸ ಪ್ಯಾಕೇಜು ಸಾಧನವು ಎಲ್ಲ ಸೂಚನೆಗಳನ್ನು ಕೂಡಿಸಿಟ್ಟು ಕೊನೆಯಲ್ಲಿ ತೋರಿಸುತ್ತದೆ. ಬೇಕೆಂದಾಗ ಮತ್ತೆ ಓದಲು ಆದೇಶವೂ ಇದೆ. ಹೊಸದಾಗಿ ಅನುಸ್ಥಾಪಿಸಿದಾಗ ಒಂದು ಮಾತು, ಇಂಥ ಆವೃತ್ತಿಯಿಂದ ಏರಿಸಿದಾಗ ಮತ್ತೊಂದು ಮಾತು, ತೆಗೆದುಹಾಕಿದಾಗ ಇನ್ನೊಂದು ಎಂದು ಓದುಗನ ಸ್ಥಿತಿಗೆ ತಕ್ಕಂತೆ ವಿಂಗಡಿಸುವ ಸೌಲಭ್ಯವೂ ಮುಂದೆ ಸೇರಿತು.

ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜು ವ್ಯವಸ್ಥೆಯ ಅನುಭವ ಬೇರೆ. ಅಲ್ಲಿ ಒಂದು ಪ್ಯಾಕೇಜನ್ನು ತರಲು ಹೊರಟರೆ ಅದು ಅವಲಂಬಿಸಿದ ನೂರಾರು ಪ್ಯಾಕೇಜುಗಳು ಜೊತೆಗೆ ಬರುತ್ತವೆ. ಸಂಭಾವನೆಯಿಲ್ಲದೆ ದುಡಿಯುವ ಕೆಲವು ಲೇಖಕರು ಅನುಸ್ಥಾಪನೆಯ ನಂತರದ ಸೂಚನೆಯನ್ನು ಧನಸಹಾಯದ ಮನವಿಗೆ ಬಳಸತೊಡಗಿದರು. 2019ರ ಆಗಸ್ಟ್‌ನಲ್ಲಿ ಒಂದು ಜನಪ್ರಿಯ ಪ್ಯಾಕೇಜು ಪ್ರಾಯೋಜಕರ ಜಾಹೀರಾತನ್ನೇ ತೋರಿಸಿದಾಗ ತೀವ್ರ ವಿರೋಧ ವ್ಯಕ್ತವಾಯಿತು, ಪ್ರಯೋಗವು ಕೆಲವೇ ದಿನಗಳಲ್ಲಿ ನಿಂತಿತು. ಅದೇ ವರ್ಷದ ನವೆಂಬರ್‌ನಲ್ಲಿ ಧನಸಹಾಯದ ವಿವರಗಳಿಗೆ ಪ್ರತ್ಯೇಕ ಆದೇಶವನ್ನು ಒದಗಿಸಲಾಯಿತು. 2020ರಲ್ಲಿ ಬಂದ ಏಳನೆಯ ಆವೃತ್ತಿಯಿಂದ ಅವಲಂಬಿತ ಪ್ಯಾಕೇಜುಗಳ ಅನುಸ್ಥಾಪನಾ ಮಾತುಗಳು ಸಾಮಾನ್ಯವಾಗಿ ಪರದೆಗೆ ಬರುವುದೇ ಇಲ್ಲ. ಲೇಖಕರ ಕಷ್ಟ ನಿಜವಾದುದೇ ಆಗಿತ್ತು. ಆದರೆ ಓದುಗನ ಹಿತಕ್ಕೆಂದು ಇದ್ದ ಸ್ಥಳವು ಬರೆದವನ ಹಿತಕ್ಕೆ ಬಳಕೆಯಾದಾಗ, ಕೊನೆಗೆ ಒಳ್ಳೆಯ ಸೂಚನೆಗಳೂ ಸೇರಿದಂತೆ ಎಲ್ಲವೂ ಮೌನವಾದವು ಎಂಬುದನ್ನು ಚರಿತ್ರೆಕಾರನು ದಾಖಲಿಸಬೇಕಾಗುತ್ತದೆ.

ಕನ್ನಡದ ನೆಲೆಯಲ್ಲಿ

ಈ ಚರಿತ್ರೆಗೆ ಕನ್ನಡದ ಸಂಬಂಧವು ಮೊದಲಿಗೆ ಲಿಪಿಯದು. ಲಿನಕ್ಸ್‌ನ ಪಠ್ಯ ಪರದೆಯು ಗರಿಷ್ಠ 512 ಅಕ್ಷರರೂಪಗಳನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಅಕ್ಷರಗಳನ್ನು ಕೂಡಿಸಿ ಒತ್ತಕ್ಷರ, ಗುಣಿತಾಕ್ಷರಗಳನ್ನು ರೂಪಿಸುವ ಶಕ್ತಿಯೂ ಅದಕ್ಕಿಲ್ಲ. ಆದ್ದರಿಂದ ಅನುವಾದವಿದ್ದರೂ ಅಲ್ಲಿ ಕನ್ನಡ ಮೂಡಲಾರದು. 2007ರ ಏಪ್ರಿಲ್‌ನಲ್ಲಿ ಬಂದ ಡೆಬಿಯನ್ 4.0ರಲ್ಲಿ ಚಿತ್ರಾತ್ಮಕ ಅನುಸ್ಥಾಪಕವು ಸೇರಿದ ಮೇಲೆಯೇ ಇಂಥ ಲಿಪಿಗಳಿಗೆ ದಾರಿಯಾಯಿತು. ಡೆಬಿಯನ್ ಅನುಸ್ಥಾಪಕದ ಕನ್ನಡ ಅವತರಣಿಕೆಯು ಇಂದಿಗೂ ಚಿತ್ರಾತ್ಮಕ ರೂಪದಲ್ಲಿ ಮಾತ್ರ ದೊರೆಯುತ್ತದೆ.

ಎರಡನೆಯ ಸಂಬಂಧ ವ್ಯಾಕರಣದ್ದು. ಸೂಚನೆಯ ಮಧ್ಯದಲ್ಲಿ ಕಡತದ ಅಥವಾ ಪ್ಯಾಕೇಜಿನ ಹೆಸರು ಗಣಕದಿಂದ ತುಂಬಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದು ಹಾಗೆಯೇ ಕುಳಿತುಕೊಳ್ಳುತ್ತದೆ. ಕನ್ನಡದಲ್ಲಿ ಅದಕ್ಕೆ ವಿಭಕ್ತಿ ಪ್ರತ್ಯಯ ಸೇರಬೇಕು. 'ಕಡತವನ್ನು', 'ಕೀಲಿಯನ್ನು' ಎಂಬಲ್ಲಿ ಕಾಣುವಂತೆ ಪ್ರತ್ಯಯದ ಸಂಧಿಯು ಪದದ ಕೊನೆಯ ಸ್ವರವನ್ನು ಅವಲಂಬಿಸಿದೆ. ಬರಲಿರುವ ಹೆಸರು ಯಾವುದೆಂದು ಅನುವಾದಕನಿಗೆ ತಿಳಿಯದು. 'ಎಂಬ ಕಡತವನ್ನು', 'ಎಂಬ ಪ್ಯಾಕೇಜನ್ನು' ಎಂದು ಬರೆಯುವುದು ಇದಕ್ಕೆ ಯೋಗ್ಯವಾದ ಉಪಾಯ. ಇದರಿಂದ ಹೆಸರಿಟ್ಟದ್ದು ಏನೆಂಬುದೂ ಓದುಗನಿಗೆ ತಿಳಿಯುತ್ತದೆ.

ಮೂರನೆಯ ಅಂಶವು ಹೆಚ್ಚು ಮಹತ್ವದ್ದು. ಉತ್ತಮ ಪುರುಷವನ್ನು ಬಿಡಬೇಕೆಂಬ ನಿಯಮವನ್ನು ಕನ್ನಡದಲ್ಲಿ ಪಾಲಿಸಹೊರಟರೆ 'ಅನುಸ್ಥಾಪಿಸಲಾಗಿದೆ', 'ಬದಲಾಯಿಸಲಾಗುವುದು', 'ಪರಿಶೀಲಿಸತಕ್ಕದ್ದು' ಎಂಬ ಕಚೇರಿಯ ಭಾಷೆಗೆ ಜಾರುವುದು ಸುಲಭ. ಈ ಕರ್ಮಣಿ ಪ್ರಯೋಗದಲ್ಲಿ ಕರ್ತೃ ಮರೆಯಾಗುತ್ತಾನೆ. ಯಂತ್ರವು ಮಾಡಿ ಮುಗಿಸಿದ್ದು ಯಾವುದು, ಓದುಗನು ಮಾಡಬೇಕಾದದ್ದು ಯಾವುದು ಎಂಬ ವ್ಯತ್ಯಾಸವೂ ಅದರೊಡನೆ ಮಸುಕಾಗುತ್ತದೆ. ಅನುಸ್ಥಾಪನೆಯ ಸೂಚನೆಗೆ ಈ ವ್ಯತ್ಯಾಸವೇ ಪ್ರಾಣ. ಯಂತ್ರದ ಕೆಲಸಕ್ಕೆ 'ಅನುಸ್ಥಾಪನೆ ಮುಗಿದಿದೆ', 'ಕೀಲಿ ಬದಲಾಗಿದೆ' ಎಂಬ ಸರಳ ಅಕರ್ಮಕ ರೂಪವನ್ನೂ, ಓದುಗನ ಕೆಲಸಕ್ಕೆ 'ನೋಡಿ', 'ತಿಳಿಸಿ', 'ತೆಗೆದಿರಿಸಿ' ಎಂಬ ವಿಧ್ಯರ್ಥವನ್ನೂ ಬಳಸಿದರೆ ನಿಯಮವೂ ಉಳಿಯುತ್ತದೆ, ಅರ್ಥವೂ ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದ ವಾಕ್ಯವನ್ನು ಚಿಕ್ಕದಾಗಿ ಕಡಿಯುವುದೂ ಅಗತ್ಯ. ಇಲ್ಲದಿದ್ದರೆ ಮಾಡಬೇಕಾದ ಕೆಲಸವು ನಾಲ್ಕನೆಯ ಸಾಲಿನ ಕೊನೆಯಲ್ಲಿ ಅಡಗಿರುತ್ತದೆ. ಆಡಳಿತದ ಸೇವೆಗಳು ಗಣಕಗಳ ಮೂಲಕವೇ ನಡೆಯುವ ಈ ಕಾಲದಲ್ಲಿ ತಂತ್ರಾಂಶದ ಕನ್ನಡವನ್ನು ಕುರಿತ ಈ ವಿಚಾರವು ಅನುವಾದಕರಿಗಷ್ಟೇ ಸಂಬಂಧಿಸಿದ್ದೆಂದು ಭಾವಿಸುವಂತಿಲ್ಲ.

ಉಪಸಂಹಾರ

ಒಟ್ಟಿನಲ್ಲಿ, ಅನುಸ್ಥಾಪನೆಯ ಸೂಚನೆಗಳ ಸುಧಾರಣೆಯು ಮೂರು ಹೆಜ್ಜೆಗಳಲ್ಲಿ ನಡೆದಿದೆ. ಮಾತಿಗೆ ನಿಯತವಾದ ದಾರಿಯನ್ನೂ ಆದ್ಯತೆಯನ್ನೂ ಕಲ್ಪಿಸಿದ್ದು ಮೊದಲನೆಯದು. ಅನಗತ್ಯವಾದುದನ್ನು ತೆಗೆದು, ಉಳಿದದ್ದನ್ನು ತಕ್ಕ ಕಡತಗಳಿಗೆ ಕಳುಹಿಸಿದ್ದು ಎರಡನೆಯದು. ಉಳಿಸಿಕೊಂಡ ಮಾತನ್ನು ಓದುಗನ ದೃಷ್ಟಿಯಿಂದ ತಿದ್ದಿದ್ದು ಮೂರನೆಯದು. ಮೊದಲನೆಯದು ಯಂತ್ರಶಿಲ್ಪದ ಕೆಲಸ. ಉಳಿದೆರಡು ಸಂಪಾದಕರ ಹಾಗೂ ಅನುವಾದಕರ ಕೆಲಸ.

ಇಂದು ಬಹುಪಾಲು ಅನುಸ್ಥಾಪನೆಗಳು ಯಾರೂ ನೋಡದಿರುವಾಗ, ಒಂದು ಗಣಕದ ಆದೇಶದಂತೆ ಇನ್ನೊಂದು ಗಣಕದಲ್ಲಿ ನಡೆಯುತ್ತವೆ. ಸೂಚನೆಗಳು ದಾಖಲೆಯ ಕಡತಗಳಲ್ಲಿ ಸೇರಿಹೋಗುತ್ತವೆ, ಏನಾದರೂ ಕೆಟ್ಟಾಗ ಮಾತ್ರ ಯಾರೋ ತೆರೆದು ನೋಡುತ್ತಾರೆ. ಹೀಗಿರುವಾಗ ಮಾತನ್ನು ತಿದ್ದುವ ಶ್ರಮಕ್ಕೆ ಅರ್ಥವಿದೆಯೇ ಎಂದು ಕೇಳಬಹುದು. ಅವಸರದಲ್ಲಿ, ಆತಂಕದಲ್ಲಿ ಓದುವ ಓದುಗನಿಗೇ ಸ್ಪಷ್ಟವಾದ ಮಾತು ಹೆಚ್ಚು ಬೇಕಾಗುತ್ತದೆ ಎಂಬುದು ಇದಕ್ಕೆ ಉತ್ತರ. 2008ರ ಟಿಪ್ಪಣಿಯನ್ನು ಓದಿದವರು ಅಂಥ ಓದುಗರೇ ಆಗಿದ್ದರು.